ನೀಲಗಿರಿ ಕಟಾವಾದ್ಮೇಲೆ ರೆಂಬೆ ಸೊಪ್ಪು ಮಾರಿದ್ರೆ ಮಣ್ಣಿಗೆ ಲಾಸಾ?

ಕೋಲಾರದ_ಹೈದ: ನಮ್ದು ಎರಡೆಕ್ರೆ ನೀಲಗಿರಿ, ಈ ಸಲ ಕಟಾವು. ದಿಮ್ಮಿ ಹೋದ್ಮೇಲೆ ಉಳಿಯೋ ರೆಂಬೆ, ಸೊಪ್ಪು, ತೊಗಟೆ ಎಲ್ಲಾ ಇಟ್ಟಿಗೆ ಗೂಡಿನವ್ರು ತಗೊಂಡ್ ಹೋಗ್ತೀವಿ ಅಂತಿದಾರೆ, ದುಡ್ಡೂ ಕೊಡ್ತಾರಂತೆ, ಕೊಟ್ರೆ ಮುಂದಿನ ಚಿಗುರಿಗೆ ಹೊಡೆತ ಬೀಳತ್ತಾ?

ಮಣ್ಣುಹುಳ: ದಪ್ಪ ರೆಂಬೆ ಬೇಕಾದ್ರೆ ಕೊಡಿ, ಸೊಪ್ಪು ಮಾತ್ರ ಬೇಡ. ತೂಕದಲ್ಲಿ ಸೊಪ್ಪು ಕಮ್ಮಿನೇ, ಆದ್ರೆ ಸಾರಜನಕ ರಂಜಕ ದಟ್ಟವಾಗಿರೋದು ಅದ್ರಲ್ಲೇ, ದಿಮ್ಮಿಲಿ ಕೆಜಿ ಲೆಕ್ಕಕ್ಕೆ ತೀರಾ ಕಮ್ಮಿ. ತೊಗಟೆನೂ ಹೊಲದಲ್ಲೇ ಸುಲಿಸಿ ಬಿಡಿ, ನೀಲಗಿರಿ ತೊಗಟೆಲಿ ಕ್ಯಾಲ್ಸಿಯಂ ಜಾಸ್ತಿ. ನಾಲ್ಕೈದು ವರ್ಷಕ್ಕೊಮ್ಮೆ ಕಡಿಯೋ ತೋಪಲ್ಲಿ ಪ್ರತಿ ಸಲ ಎಲ್ಲಾ ಗುಡಿಸಿ ಕಳಿಸ್ತಾ ಇದ್ರೆ, ಅದೂ ಮರಳು ಮಿಶ್ರಿತ ಮಣ್ಣಲ್ಲಿ, ಇಳುವರಿ ಇಳಿಯೋ ಸಾಧ್ಯತೆ ಜಾಸ್ತಿ.

ಸ್ವೀಡನ್_ಕನ್ನಡಿಗ: ಇಲ್ಲಿ ಸ್ವೀಡನ್ನಲ್ಲಿ ಸ್ಪ್ರೂಸ್ (ಸೂಜಿ ಎಲೆ ಮರ) ಕಡಿದ್ರೆ ರೆಂಬೆನ ಬೇಸಿಗೆಲಿ ಅಲ್ಲೇ ಒಣಗಕ್ಕೆ ಬಿಡ್ತಾರೆ, ಸೂಜಿ ಎಲೆ ಉದುರ್ಲಿ ಅಂತ, ಆಮೇಲೆ ಹೀಟಿಂಗ್ ಪ್ಲಾಂಟಿಗೆ (ಮನೆಗಳಿಗೆ ಬಿಸಿ ಕೊಡೋ ಸ್ಥಾವರ) ಸುಡಕ್ಕೆ ಸಾಗಿಸ್ತಾರೆ. ರೆಂಬೆ ಸೊಪ್ಪಲ್ಲಿ 20% ಆದ್ರೂ ಕಾಡಲ್ಲೇ ಬಿಡಿ, ಸುಟ್ಟ ಬೂದಿ ಕಾಡಿಗೆ ವಾಪಸ್ ಹಾಕಿ ಅಂತ ಇಲ್ಲಿನ ಅರಣ್ಯ ಇಲಾಖೆ ಸಲಹೆ. ಬೂದಿಲಿ ಕ್ಯಾಲ್ಸಿಯಂ ಪೊಟ್ಯಾಶ್ ಬರತ್ತೆ, ಸಾರಜನಕ ಸುಟ್ಟಾಗ್ಲೇ ಹೊಗೇಲಿ ಹೋಗಿರತ್ತೆ.

ಕೋಲಾರದ_ಹೈದ: ಸೊಪ್ಪು ಬಿಟ್ರೆ ಬೇಸಿಗೆಲಿ ಬೆಂಕಿ ಬಿದ್ರೆ?

ಮಣ್ಣುಹುಳ: ರಾಶಿ ಹಾಕ್ಬೇಡಿ, ಸಣ್ಣಗೆ ಕೊಚ್ಚಿ ಸಾಲಿನ ಮಧ್ಯೆ ತೆಳ್ಳಗೆ ಹರಡಿ, ಕೂಳೆ ಹತ್ರ ಬೇಡ. ಬದು ಸುತ್ತ ಕ್ಲೀನ್ ಮಾಡ್ಕೊಳ್ಳಿ.