ಮುಂಬಾಗಿಲ ಬೀಗದೊಳಗೆ ಬೀಗದ ಕೈ ಮುರಿದಿದೆ, ತೆಗೆಯುವುದು ಹೇಗೆ?

ಪ್ರಶ್ನೆ: ಗೃಹಿಣಿ, ಅಶೋಕನಗರ, ತುಮಕೂರು

ಎಲ್ಲರಿಗೂ ನಮಸ್ಕಾರ. ನಿನ್ನೆ ಸಂಜೆ ಮುಂಬಾಗಿಲ ಬೀಗವನ್ನು ತಿರುಗಿಸುವಾಗ ಬೀಗದ ಕೈ ಮುರಿದು, ಹಲ್ಲುಗಳಿರುವ ಭಾಗ ಪೂರ್ತಿ ಒಳಗೇ ಉಳಿದಿದೆ. ಹಿತ್ತಲ ಬಾಗಿಲಿನಿಂದ ಓಡಾಡುತ್ತಿದ್ದೇವೆ. ಆದರೆ ಮಂಡಿ ನೋವಿರುವ ನಮ್ಮ ಅತ್ತೆಯವರು ಅಲ್ಲಿನ ಎತ್ತರದ ಮೆಟ್ಟಿಲು ಹತ್ತಿಳಿಯಲು ಬಹಳ ಕಷ್ಟಪಡುತ್ತಿದ್ದಾರೆ. ಇದು ಬಾಗಿಲಿಗೇ ಕೂರಿಸಿರುವ, ಚಪ್ಪಟೆ ಕೈಯ ಬೀಗ. ಚಿಮುಟದಿಂದ ಹಿಡಿಯಲು ಹೋದರೆ ತುಂಡು ಇನ್ನೂ ಒಳಕ್ಕೆ ಸರಿಯುತ್ತದೆ. ಕಡ್ಡಿಗೆ ಫೆವಿಕ್ವಿಕ್ ಹಚ್ಚಿ ಅಂಟಿಸಿ ಎಳೆಯಿರಿ ಎಂದು ಪಕ್ಕದ ಮನೆಯವರು ಹೇಳಿದರು. ನನಗೆ ಧೈರ್ಯ ಬರಲಿಲ್ಲ. ಬೀಗ ಕೆಡದಂತೆ ತೆಗೆಯುವ ದಾರಿ ಇದ್ದರೆ ತಿಳಿದವರು ದಯವಿಟ್ಟು ತಿಳಿಸಿ.

ಉತ್ತರ: ಹಾರ್ಡ್‌ವೇರ್ ಅಂಗಡಿಯವರು, ಮಂಡಿಪೇಟೆ

ಅಮ್ಮ, ಅಂಟು ಹಚ್ಚದೆ ಇದ್ದದ್ದು ಒಳ್ಳೆಯದಾಯಿತು. ಒಂದು ಹನಿ ಒಳಗಿನ ಪಿನ್ನುಗಳಿಗೆ ತಾಗಿದರೂ ಬೀಗವನ್ನೇ ಬದಲಿಸಬೇಕಾದೀತು.

ಮೊದಲು, ಕೈ ತೂರಿಸುವ ಸೀಳು ಹೇಗೆ ನಿಂತಿದೆ ನೋಡಿ. ತಿರುಗಿಸುವಾಗ ಮುರಿದಿರುವುದರಿಂದ ಅದು ಓರೆಯಾಗಿರಬಹುದು. ಇಂಥ ಬೀಗದಲ್ಲಿ ಸಾಮಾನ್ಯವಾಗಿ ಐದಾರು ಪಿನ್ನುಗಳು ಸ್ಪ್ರಿಂಗಿನ ಒತ್ತಡದಿಂದ ಕೈಯ ಹಲ್ಲುಗಳ ಮೇಲೆ ಕುಳಿತಿರುತ್ತವೆ. ಸೀಳು ಓರೆಯಾಗಿದ್ದಾಗ ಆ ಪಿನ್ನುಗಳಿಗೆ ಮೇಲೇಳಲು ಜಾಗವೇ ಇರದ ಕಾರಣ, ಎಷ್ಟು ಎಳೆದರೂ ತುಂಡು ಬರುವುದಿಲ್ಲ. ಸಣ್ಣ ಚಪ್ಪಟೆ ಸ್ಕ್ರೂಡ್ರೈವರಿನ ತುದಿಯನ್ನು ಸೀಳಿನ ಬಾಯಿಗೆ ಮಾತ್ರ ತಾಗಿಸಿ, ತುಂಡನ್ನು ಒಳಕ್ಕೆ ನೂಕದೆ, ನೀವು ಕೈ ಹಾಕುವಾಗ ಇರುತ್ತಿದ್ದ ಸ್ಥಾನಕ್ಕೆ ಮೆಲ್ಲಗೆ ತಿರುಗಿಸಿ ತನ್ನಿ. ಹೆಚ್ಚಿನವರು ಸೋಲುವುದು ಈ ಹಂತವನ್ನು ಬಿಟ್ಟು ಎಳೆಯತೊಡಗುವುದರಿಂದಲೇ.

ಆಮೇಲೆ ಪೆನ್ಸಿಲ್ ಸೀಸವನ್ನು ನುಣ್ಣಗೆ ಕೆರೆದು ಆ ಪುಡಿಯನ್ನು ಒಳಗೆ ಊದಿ. ಕೊಬ್ಬರಿ ಎಣ್ಣೆ ಬೇಡ, ಧೂಳು ಹಿಡಿದು ಜಿಡ್ಡಾಗುತ್ತದೆ. ಎಳೆಯುವುದಕ್ಕೆ ಅಕ್ಕಸಾಲಿಗರ ಗರಗಸದ ದಾರದಂಥ ಬ್ಲೇಡ್ ಚಿಮುಟಕ್ಕಿಂತ ಮೇಲು. ಅದನ್ನು ಬೆರಳಿನಿಂದ ಹಗುರವಾಗಿ ಸವರಿದರೆ ಒಂದು ಕಡೆಗೆ ಜಾರುತ್ತದೆ, ಇನ್ನೊಂದು ಕಡೆಗೆ ಕಚ್ಚುತ್ತದೆ. ಹೊರಕ್ಕೆ ಎಳೆಯುವಾಗ ಕಚ್ಚುವಂತೆ ಹಿಡಿದು, ತುಂಡಿನ ಪಕ್ಕದಲ್ಲಿ ತೂರಿಸಿ, ಹಲ್ಲುಗಳನ್ನು ತುಂಡಿಗೆ ಒತ್ತಿ ಎಳೆಯಿರಿ. ಒಂದು ಸಲಕ್ಕೆ ಕೂದಲೆಳೆಯಷ್ಟೇ ಸರಿಯಬಹುದು, ಆತುರ ಬೇಡ. ತುದಿ ಹೊರಗೆ ಕಂಡ ಮೇಲೆ ಚಿಮುಟ ಹಾಕಿ.

ಉತ್ತರ: ನಿವೃತ್ತ ಶಿಕ್ಷಕರು, ಗುಬ್ಬಿ

ಎರಡೂ ತುಂಡುಗಳನ್ನು ಜೋಪಾನವಾಗಿಡಿ. ಅಂಚಿಗೆ ಅಂಚು ಕೂಡಿಸಿಟ್ಟರೆ ಕೀ ಮಾಡುವವರು ಅದರ ಅಳತೆಗೇ ಹೊಸದನ್ನು ಕೊರೆದುಕೊಡುತ್ತಾರೆ. ಆದರೆ ಸವೆದ ಕೈಯ ನಕಲೂ ಸವೆದದ್ದೇ ಆಗಿರುತ್ತದೆ. ಬೀಗದ ಜೊತೆ ಬಂದ, ಬಳಸದ ಕೈ ಇದ್ದರೆ ಅದರಿಂದಲೇ ಮಾಡಿಸಿ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದಗಳು. ಸೀಳು ನಿಜವಾಗಿಯೂ ಓರೆಯಾಗಿತ್ತು. ನೇರಕ್ಕೆ ತಂದು, ನಮ್ಮ ಬೀದಿಯ ಅಕ್ಕಸಾಲಿಗರು ಕೊಟ್ಟ ಬ್ಲೇಡಿನಿಂದ ಎಳೆದಾಗ ನಾಲ್ಕನೆಯ ಸಲಕ್ಕೆ ತುದಿ ಕಂಡಿತು. ಮುರಿದ ಅಂಚಿನ ಅರ್ಧ ಭಾಗ ಕಪ್ಪಾಗಿದೆ, ಇನ್ನರ್ಧ ಹೊಸ ಹಿತ್ತಾಳೆಯಂತೆ ಹೊಳೆಯುತ್ತಿದೆ. ಬಿರುಕು ಬಹಳ ದಿನಗಳಿಂದಲೇ ಇದ್ದಂತಿದೆ. ಅತ್ತೆಯವರು ಈಗ ಮುಂಬಾಗಿಲ ಜಗಲಿಯ ಮೇಲೆ ಕುಳಿತಿದ್ದಾರೆ.