ಫ್ರಾನ್ಸಿನ ‘ಡಿಪಾರ್ಟ್‌ಮೆಂಟ್’ಗೆ ಕನ್ನಡ ಪದ ಬೇಕು, ತುರ್ತು

ಪ್ರಶ್ನೆ:
ಫ್ರಾನ್ಸಿನ ನಕ್ಷೆಯೊಂದು ನಾಳೆ ಅಚ್ಚಿಗೆ ಹೋಗಬೇಕು. ರೀಜನ್, ಡಿಪಾರ್ಟ್‌ಮೆಂಟ್, ಅರೋಂದಿಸ್ಮಾಂ, ಕಮ್ಯೂನ್ ಅಂತ ದೊಡ್ಡದರಿಂದ ಚಿಕ್ಕದಕ್ಕೆ ಆಡಳಿತದ ನಾಲ್ಕು ಹಂತಗಳಿವೆ. ಕರಡಿನಲ್ಲಿ ‘ಜಿರೋಂದ್ ಇಲಾಖೆ’ ಅಂತಿದೆ. ಕಚೇರಿಯ ಹೆಸರಿನ ಹಾಗೆ ಕೇಳುತ್ತೆ, ಅಲ್ವಾ? ಏನು ಹಾಕಲಿ?

ಉತ್ತರ 1:
‘ನಾಡು’ ಹಾಕಿ. ಜಿಲ್ಲೆ, ತಾಲ್ಲೂಕು ಎರಡೂ ಅರಬ್ಬಿ ಮೂಲದವು. ಗಂಗವಾಡಿ 96000, ಬನವಾಸಿ 12000, ಬೆಳ್ವೊಲ 300 ಅಂತ ನಾಡುಗಳ ಹೆಸರನ್ನು ಶಾಸನಗಳಲ್ಲಿ ಬರೆಸಿದವರಿಗೆ ಎರವಲು ಯಾಕೆ?

ಉತ್ತರ 2:
ನಾಡು ಬೇಡವೇ ಬೇಡ. ನಾಡು ತಾನಾಗಿ ಬೆಳೆದದ್ದು. ಫ್ರಾನ್ಸಿನಲ್ಲಿ ಆದದ್ದು ಅದಕ್ಕೆ ಪೂರಾ ಉಲ್ಟಾ. ಕ್ರಾಂತಿಯವರು 1790ರಲ್ಲಿ ಬ್ರಿಟನಿ, ನಾರ್ಮಂಡಿಯಂಥ ಹಳೆಯ ಪ್ರಾಂತಗಳನ್ನು ಒಡೆದು 83 ಡಿಪಾರ್ಟ್‌ಮೆಂಟ್ ಮಾಡಿದರು. ಹಳೆಯ ಗುರುತು ಉಳಿಯಬಾರದು ಅಂತಲೇ ಹೆಚ್ಚಿನವಕ್ಕೆ ನದಿ, ಬೆಟ್ಟಗಳ ಹೆಸರಿಟ್ಟರು. ದೊರ್ದೋನ್ ನದಿ, ಜೂರಾ ಬೆಟ್ಟಸಾಲು. ನಾಡನ್ನು ಅಳಿಸಲು ಹುಟ್ಟಿದ್ದಕ್ಕೆ ನಾಡು ಅನ್ನುವುದು ಹೇಗೆ?

‘ಜಿಲ್ಲೆ’ ಸರಿಯಾಗಿ ಕೂರುತ್ತದೆ. ಈಗ ಅಂಥವು 101 ಇವೆ. ಸರ್ಕಾರವೇ ನೇಮಿಸುವ ಪ್ರಿಫೆಕ್ಟ್ ಇರುತ್ತಾರೆ, ನಮ್ಮ ಜಿಲ್ಲಾಧಿಕಾರಿಯ ಹಾಗೆ. ಅರೋಂದಿಸ್ಮಾಂಗೆ ‘ಉಪವಿಭಾಗ’ ಸಾಕು. ಅಲ್ಲಿ ಸಬ್‌ಪ್ರಿಫೆಕ್ಟ್, ಇಲ್ಲಿ ಉಪವಿಭಾಗಾಧಿಕಾರಿ (ಎ.ಸಿ.). ಪ್ಯಾರಿಸ್ ನಗರದೊಳಗಿನ 20 ಅರೋಂದಿಸ್ಮಾಂಗಳು ಬೇರೆ ಥರದವು, ಅವಕ್ಕೆ ‘ವಲಯ’ ಅನ್ನಿ. ರೀಜನ್‌ಗೆ ‘ಪ್ರಾಂತ’ ಬೇಡ, ಅದು ಕ್ರಾಂತಿಗೆ ಮುಂಚಿನದಕ್ಕೆ ಬೇಕು. ‘ರಾಜ್ಯ’ವಂತೂ ತಪ್ಪು. ಅವಕ್ಕೆ ನಮ್ಮ ವಿಧಾನಸಭೆಯ ಹಾಗೆ ಕಾನೂನು ಮಾಡುವ ಅಧಿಕಾರವಿಲ್ಲ. 2016ರಲ್ಲಿ ಯುರೋಪಿನ ನೆಲದ 22 ರೀಜನ್‌ಗಳನ್ನು ಸೇರಿಸಿ 13 ಮಾಡಿದರು, ‘ಪ್ರದೇಶ’ ಅಂದರೆ ಸಾಕು. ಕಮ್ಯೂನ್ ಹಾಗೇ ಇರಲಿ. ‘ಗ್ರಾಮ ಪಂಚಾಯಿತಿ’ ಅಂದರೆ ನಗರಗಳು ಹೊರಗುಳಿಯುತ್ತವೆ.

ಇನ್ನು ಅರಬ್ಬಿಯ ಮಾತು. ಪಹಣಿಗೆ ನಾಡಕಚೇರಿಗೆ ಹೋಗುವ ರೈತರನ್ನು ಕೇಳಿ ನೋಡಿ. ಜಿಲ್ಲೆ, ತಾಲ್ಲೂಕು, ಹೋಬಳಿ ಮೂರೂ ಅವರ ಮನೆಮಾತು. ತಲೆಮಾರುಗಳಿಂದ ಬಾಯಲ್ಲಿರುವ ಪದವನ್ನು ಹುಟ್ಟು ನೋಡಿ ಹೊರಗೆ ಹಾಕಿದರೆ ನಷ್ಟ ಕನ್ನಡಕ್ಕೇ. ‘ಕಚೇರಿ’ಯನ್ನೂ ಬಿಡುತ್ತೀರಾ?

ಉತ್ತರ 1ರವರಿಂದ ಮತ್ತೆ:
ಬಳಕೆಯಲ್ಲಿರುವುದನ್ನು ಬಿಡಿ ಅಂತ ನಾನು ಹೇಳಲಿಲ್ಲ. ಹೊಸದಾಗಿ ಆರಿಸುವಾಗ ನಮ್ಮದನ್ನು ಮೊದಲು ನೋಡಿ ಅಂದೆ. 1790ರ ಮಾತು ಸರಿ, ಡಿಪಾರ್ಟ್‌ಮೆಂಟಿಗೆ ಜಿಲ್ಲೆಯೇ ಇರಲಿ. ಆದರೆ ಅದೇ ಉಸಿರಿನಲ್ಲಿ ‘ಕಮ್ಯೂನ್ ಹಾಗೇ ಇರಲಿ’ ಅನ್ನುತ್ತೀರಲ್ಲ, ಅದನ್ನು ಯಾವ ರೈತ ಆಡುತ್ತಾನೆ? ‘ಊರು’ ಅನ್ನಿ. ಪ್ಯಾರಿಸೂ ಊರು, ನೂರು ಜನರ ಹಳ್ಳಿಯೂ ಊರು. ಫ್ರೆಂಚರೂ ಎರಡಕ್ಕೂ ಒಂದೇ ಪದ ಇಟ್ಟಿದ್ದಾರೆ.