ಹಲ್ಲು ಹೋದ ಜಾಗಕ್ಕೆ ಇಂಪ್ಲಾಂಟ್: ಕೂರಿಸುವ ಮೊದಲು ಏನೇನು ನೋಡಬೇಕು?

ಪ್ರಶ್ನೆ (ತೀರ್ಥಹಳ್ಳಿ ಕಡೆಯಿಂದ): ಅಪ್ಪಯ್ಯನಿಗೆ 61 ವರ್ಷ. ಕೆಳಗಿನ ಬಲಗಡೆಯ ಮೊದಲ ದೊಡ್ಡ ದವಡೆ ಹಲ್ಲು ಕಿತ್ತು ಎರಡು ವರ್ಷ ಆಯ್ತು. ಶುಗರ್ ಇದೆ, ಎಚ್‌ಬಿಎ1ಸಿ 8.4. ಕವಳ (ಎಲೆ ಅಡಿಕೆ) ಹಾಕ್ತಾರೆ, ಹೊಗೆಸೊಪ್ಪು ಸೇರಿಸಿ. ಒಬ್ಬ ಡಾಕ್ಟ್ರು ಓಪಿಜಿ (ಇಡೀ ದವಡೆಯ ಎಕ್ಸ್‌ರೇ) ನೋಡಿ "ಮುಂದಿನ ವಾರವೇ ಸ್ಕ್ರೂ ಹಾಕಬಹುದು" ಅಂದ್ರು, ಅಂದರೆ ದವಡೆ ಮೂಳೆಗೆ ಇಂಪ್ಲಾಂಟ್; ಇನ್ನೊಬ್ಬರು ಅಕ್ಕಪಕ್ಕದ ಹಲ್ಲು ಅರೆದು ಅದರ ಮೇಲೆ ಕೂರಿಸುವ ಬ್ರಿಡ್ಜ್ ಸಾಕು ಅಂದ್ರು. ಯಾರ ಮಾತು ಕೇಳೋದು ಮೇಡಂ?

ಉತ್ತರ (ಪ್ರಾಸ್ತೊಡಾಂಟಿಸ್ಟ್, ಅಂದರೆ ಕೃತಕ ಹಲ್ಲಿನ ತಜ್ಞೆ, ಶಿವಮೊಗ್ಗ): ಸದ್ಯಕ್ಕೆ ಇಬ್ಬರದ್ದೂ ಬೇಡ, ಅಳತೆ ಇನ್ನೂ ಆಗಿಲ್ಲ.

ಶುಗರ್ ವಿಷಯ ಬೇಗ ಮುಗಿಯುತ್ತೆ. ಎಚ್‌ಬಿಎ1ಸಿ 7ರ ಒಳಗಿದ್ದರೆ ನೆಮ್ಮದಿ, 7ರಿಂದ 8 ಇದ್ದರೆ ಎಚ್ಚರಿಕೆಯಿಂದ ಮುಂದುವರಿಯಬಹುದು, 8 ದಾಟಿದ್ದರೆ ನಾನು ಮುಂದೂಡುತ್ತೇನೆ. ಅದು ಹತ್ತಿರಹತ್ತಿರ ಮೂರು ತಿಂಗಳ ಶುಗರಿನ ಸರಾಸರಿ. ಹಾಗಾಗಿ ಔಷಧಿ ಬದಲಿಸಿ ಹದಿನೈದೇ ದಿನಕ್ಕೆ ಮತ್ತೆ ರಕ್ತ ಕೊಟ್ಟರೆ ಪ್ರಯೋಜನವಿಲ್ಲ. ಆಪರೇಷನ್ ದಿನ ಬೆಳಿಗ್ಗೆ ಖಾಲಿ ಹೊಟ್ಟೆಯ ಶುಗರ್ 110 ಬಂತು ಅಂತ ಧೈರ್ಯ ಮಾಡುವುದೂ ತಪ್ಪು.

ಇನ್ನು ಮೂಳೆ. ಓಪಿಜಿ ಚಪ್ಪಟೆ ಚಿತ್ರ, ದವಡೆಯ ಅಗಲ ಅದರಲ್ಲಿ ಕಾಣೋದೇ ಇಲ್ಲ. ಎತ್ತರವನ್ನೂ ಶೇ 20–30ರಷ್ಟು ಹಿಗ್ಗಿಸಿ ತೋರಿಸಬಹುದು. ಫಿಲ್ಮ್ ಮೇಲೆ ನರದ ನಾಳದವರೆಗೆ 12 ಮಿ.ಮೀ. ಕಂಡರೆ ನಿಜಕ್ಕೆ ಒಂಬತ್ತೂವರೆ ಇರಬಹುದು. ಅದರಲ್ಲಿ ನರದ ಮೇಲೆ 2 ಮಿ.ಮೀ. ಬಿಡಲೇಬೇಕು. 10 ಮಿ.ಮೀ. ಸ್ಕ್ರೂ ಅಂತ ಲೆಕ್ಕ ಹಾಕಿದವರು ಅಲ್ಲೇ ಸಿಕ್ಕಿಬೀಳ್ತಾರೆ, ರೋಗಿಗೆ ಆಮೇಲೆ ಕೆಳತುಟಿ ಜೋಮು. ಅದಕ್ಕೇ ಸಿಬಿಸಿಟಿ (ದವಡೆಯ 3ಡಿ ಸ್ಕ್ಯಾನ್) ಬೇಕು. ಹಲ್ಲು ಕಿತ್ತ ಮೊದಲ ವರ್ಷದಲ್ಲೇ ಆ ಜಾಗದ ಮೂಳೆಯ ದಿಂಡಿನ ಅಗಲ ಸುಮಾರು ಅರ್ಧಕ್ಕೆ ಇಳಿಯುತ್ತೆ, ಅದೂ ಬಹುಪಾಲು ಮೊದಲ ಮೂರು ತಿಂಗಳಲ್ಲಿ, ಹೆಚ್ಚಾಗಿ ಕೆನ್ನೆಯ ಕಡೆ. 4.3 ಮಿ.ಮೀ. ವ್ಯಾಸದ ಸ್ಕ್ರೂಗೆ ಎರಡೂ ಬದಿ ಒಂದೂವರೆ ಮಿ.ಮೀ. ಮೂಳೆ ಉಳಿಯಬೇಕೆಂದರೆ 7 ಮಿ.ಮೀ.ಗಿಂತ ಸ್ವಲ್ಪ ಹೆಚ್ಚೇ ಅಗಲ ಬೇಕು. ನಾಲಿಗೆಯ ಕಡೆ ಮೂಳೆಯ ಕೆಳಭಾಗ ಒಳಕ್ಕೆ ಗುಳಿ ಬಿದ್ದಿರುತ್ತೆ. ಅಲ್ಲಿ ಡ್ರಿಲ್ ತೂರಿದರೆ ನಾಲಿಗೆಯಡಿ ರಕ್ತ ತುಂಬಿ ಉಸಿರಿಗೇ ತೊಂದರೆ ಆಗಬಹುದು. ಓಪಿಜಿಯಲ್ಲಿ ಆ ಗುಳಿ ಕಾಣಲ್ಲ.

ಮೂಳೆಗಿಂತ ಹೆಚ್ಚಾಗಿ ಮರೆತುಹೋಗೋದು ಕ್ಯಾಪಿನ ಜಾಗ. ಎರಡು ವರ್ಷದಲ್ಲಿ ಹಿಂದಿನ ಹಲ್ಲು ಮುಂದಕ್ಕೆ ವಾಲಿರುತ್ತೆ, ಮೇಲಿನ ಹಲ್ಲು ಕೆಳಕ್ಕೆ ಇಳಿದಿರುತ್ತೆ. ಸಿಮೆಂಟ್‌ನಿಂದ ಅಂಟಿಸುವ ಕ್ಯಾಪಿಗೆ ಅಬಟ್‌ಮೆಂಟ್ (ಸ್ಕ್ರೂ ಮೇಲೆ ನಿಂತು ಕ್ಯಾಪನ್ನು ಹಿಡಿಯುವ ಗೂಟ) ಕನಿಷ್ಠ 4 ಮಿ.ಮೀ. ಎತ್ತರ ಇರಬೇಕು, ಅದರ ಮೇಲೆ ಕ್ಯಾಪಿನ ದಪ್ಪ ಒಂದೂವರೆಯಿಂದ ಎರಡು. ಅಷ್ಟು ಇಲ್ಲದಿದ್ದರೆ ಸ್ಕ್ರೂನಿಂದ ಬಿಗಿಯುವ ಕ್ಯಾಪ್, ಇಲ್ಲವೇ ಮೇಲಿನ ಹಲ್ಲನ್ನು ಮೊದಲು ಸರಿಮಾಡಬೇಕು. ಹಾಗಾಗಿ ಎರಡೂ ದವಡೆಯ ಅಚ್ಚು ತೆಗೆದು, ಮೇಣದಲ್ಲಿ ಆ ಹಲ್ಲನ್ನು ಮಾಡಿ ನೋಡಿ, ಅದರ ನಡುವಿನಿಂದ ಸ್ಕ್ರೂ ಎಲ್ಲಿ ಬರಬೇಕು ಅಂತ ಕೆಳಮುಖವಾಗಿ ಯೋಜಿಸೋದು ಸರಿಯಾದ ಕ್ರಮ. ಮೂಳೆ ಎಲ್ಲಿ ಸಿಕ್ತೋ ಅಲ್ಲಿ ಸ್ಕ್ರೂ ಹಾಕಿ "ಕ್ಯಾಪ್ ಲ್ಯಾಬಿನವರು ನೋಡ್ಕೊಳ್ತಾರೆ" ಅನ್ನೋದು ನಮ್ಮಲ್ಲಿ ತೀರಾ ಹೆಚ್ಚಾಗಿದೆ.

ಕೊನೆಗೆ ಕವಳ. ಹೊಗೆಸೊಪ್ಪು ಗಾಯ ಮಾಯೋದನ್ನು ನಿಧಾನ ಮಾಡುತ್ತೆ, ಅದನ್ನು ಬಿಡಲೇಬೇಕು. ಅಡಿಕೆಯದ್ದು ಇನ್ನೊಂದು ತಾಪತ್ರಯ: ಕೆನ್ನೆಯ ಒಳಗೆ ಬಿಳಿ ನಾರುಪಟ್ಟಿ ಕಟ್ಟಿ ಬಾಯಿ ತೆರೆಯೋದು ಕಡಿಮೆಯಾಗುತ್ತಾ ಬರುತ್ತೆ. ದೊಡ್ಡವರ ಬಾಯಿ ಸಾಮಾನ್ಯವಾಗಿ 40ರಿಂದ 50 ಮಿ.ಮೀ. ತೆರೆಯುತ್ತೆ. 35ಕ್ಕಿಂತ ಕಡಿಮೆಯಾದರೆ ದವಡೆ ಹಲ್ಲಿನ ಜಾಗಕ್ಕೆ ಡ್ರಿಲ್ ನೇರವಾಗಿ ಇಳಿಯಲ್ಲ, ಓರೆಯಾಗುತ್ತೆ. ಡ್ರಿಲ್ಲಿಗೆ ದಾರಿ ತೋರುವ ಗೈಡ್ ಇಟ್ಟು ಮಾಡೋಣ ಅಂದರೆ ಅದರ ಡ್ರಿಲ್ಲುಗಳು ಇನ್ನೂ ಉದ್ದ. ಆಮೇಲೂ ಬಿಡುವಿಲ್ಲ: ಕ್ಯಾಪ್ ಬಿಗಿಯುವ ಪುಟ್ಟ ಸ್ಕ್ರೂಡ್ರೈವರ್ ಹಿಡಿದು ಬೆರಳು ಒಳಗೆ ಹೋಗಬೇಕು. (ಅದಕ್ಕೆ ಹಲ್ಲಿನ ದಾರ ಕಟ್ಟಿರಬೇಕು, ಜಾರಿದರೆ ಗಂಟಲಿಗೆ.) ಅಪ್ಪಯ್ಯನ ಮುಂದಿನ ಹಲ್ಲುಗಳ ನಡುವೆ ಅವರದೇ ಮೂರು ಬೆರಳು ಒಂದರ ಮೇಲೊಂದು ಹೋಗುತ್ತಾ ನೋಡಿ, ಸ್ಕೇಲ್ ಇಟ್ಟು ಅಳೆದು ಹೇಳಿ.

ಪ್ರಶ್ನೆ (ಹೊಸನಗರ, ದಂತವೈದ್ಯ): ಮೇಡಂ, ಮೇಲ್ದವಡೆ ಮೊದಲ ಮೋಲಾರ್ ಜಾಗ. ಸೈನಸ್ (ಮೇಲ್ದವಡೆಯೊಳಗಿನ ಗಾಳಿಗೂಡು) ಕೆಳಗೆ 5 ಮಿ.ಮೀ. ಮೂಳೆ, ಅಗಲ ಚೆನ್ನಾಗಿದೆ. ಒಳಗಿನಿಂದಲೇ ಸೈನಸ್ಸಿನ ತಳ ಎತ್ತಬಹುದಾ, ಪಕ್ಕದ ಮೂಳೆಯಲ್ಲಿ ಕಿಟಕಿ ತೆರೆಯಬೇಕಾ?

ಉತ್ತರ: 5 ಅಂದರೆ ಗಡಿ, ಡಾಕ್ಟ್ರೇ. ಸ್ಕ್ರೂ ಕೂರುವ ತೂತಿನಿಂದಲೇ ಎತ್ತಿದರೆ 2–3 ಮಿ.ಮೀ. ಸಿಗುತ್ತೆ, 8 ಮಿ.ಮೀ. ಸ್ಕ್ರೂಗೆ ಸಾಲುತ್ತೆ. 4ಕ್ಕೆ ಇಳಿದರೆ ಕಿಟಕಿಯೇ ವಾಸಿ. ಸ್ಕ್ರೂಗೆ ಮೊದಲ ದಿನವೇ ಬಿಗಿ ಸಿಗದಿದ್ದರೆ ಅದನ್ನು ಅವತ್ತು ಹಾಕದೆ, ಮೂಳೆ ತುಂಬಿ ಆರು ತಿಂಗಳು ಕಾಯಿರಿ. ಸ್ಕ್ಯಾನಿನಲ್ಲಿ ಸೈನಸ್ ಪೊರೆ ದಪ್ಪಗಿದೆಯಾ, ಮೂಗಿನ ಕಡೆಯ ಬಾಯಿ ತೆರೆದಿದೆಯಾ, ನಡುವೆ ಅಡ್ಡಗೋಡೆ ಇದೆಯಾ ಅಂತ ಮೊದಲೇ ನೋಡಿ. ಚಿಕ್ಕ ಕ್ಷೇತ್ರದ ಸ್ಕ್ಯಾನಿನಲ್ಲಿ ಸೈನಸ್ಸಿನ ಮೇಲ್ಭಾಗ ಬಿಟ್ಟುಹೋಗುತ್ತೆ, ದೊಡ್ಡ ಕ್ಷೇತ್ರ ಕೇಳಿ ತೆಗೆಸಿ. ನಮ್ಮ ಕಡೆ ಜೂನ್‌ನಿಂದ ಆಗಸ್ಟ್ ಮನೆಮಂದಿಗೆಲ್ಲ ನೆಗಡಿ. ಮೂಗು ಸುರಿಯುವಾಗ ಸೈನಸ್ ಮುಟ್ಟಬೇಡಿ. ಆಮೇಲೆ ಎರಡು ವಾರ ಮೂಗು ಸೀಟುವ ಹಾಗಿಲ್ಲ, ಸೀನು ಬಂದರೆ ಬಾಯಿ ತೆರೆದೇ ಸೀನಬೇಕು ಅಂತ ಬರೆದು ಕೊಡಿ.

ಪ್ರಶ್ನೆ (ಸಾಗರ): ಅಮ್ಮನಿಗೆ ಕೆಳಗಿನ ಸೆಟ್ಟು ನಿಲ್ಲೋದೇ ಇಲ್ಲ. ಎರಡು ಸ್ಕ್ರೂ ಹಾಕಿ ಅದಕ್ಕೆ ಸೆಟ್ಟು ಸಿಕ್ಕಿಸ್ತಾರಂತೆ. ಮೂಳೆ ಸವೆತಕ್ಕೆ ವಾರಕ್ಕೊಂದು ಮಾತ್ರೆ ತಗೋತಿದ್ದಾರೆ. ತೊಂದರೆ ಇದೆಯಾ?

ಉತ್ತರ: ಆ ಮಾತ್ರೆಯ ಪಟ್ಟಿಯನ್ನೇ ತೆಗೆದುಕೊಂಡು ಹೋಗಿ. ಅಲೆಂಡ್ರೊನೇಟ್ ಆಗಿದ್ದು, ನಾಲ್ಕು ವರ್ಷಕ್ಕಿಂತ ಕಡಿಮೆ ಆಗಿದ್ದು, ಜೊತೆಗೆ ಸ್ಟಿರಾಯ್ಡ್ ಇಲ್ಲದಿದ್ದರೆ ದವಡೆ ಮೂಳೆ ಕೊಳೆಯುವ ಅಪಾಯ ಬಹಳ ಕಡಿಮೆ, ತಿಳಿಸಿ ಮುಂದುವರಿಯಬಹುದು. ಕ್ಯಾನ್ಸರಿಗೆ ಜೊಲೆಡ್ರೊನಿಕ್ ಡ್ರಿಪ್ ಹಾಕಿಸಿಕೊಳ್ಳುತ್ತಿರುವವರಿಗೆ ಇಂಪ್ಲಾಂಟ್ ಬೇಡವೇ ಬೇಡ. ಆರು ತಿಂಗಳಿಗೊಮ್ಮೆಯ ಡೆನೊಸುಮ್ಯಾಬ್ ಇಂಜೆಕ್ಷನ್ ಇದ್ದರೆ ಹಲ್ಲಿಗೋಸ್ಕರ ನೀವಾಗಿಯೇ ತಪ್ಪಿಸಬೇಡಿ, ಬೆನ್ನುಮೂಳೆ ಮುರಿಯುವ ಅಪಾಯ ಏಕಾಏಕಿ ಏರುತ್ತೆ. ಬರೆದುಕೊಟ್ಟ ಡಾಕ್ಟ್ರ ಹತ್ತಿರವೇ ಮಾತಾಡಿ. ರಕ್ತ ತೆಳುವಾಗುವ ಮಾತ್ರೆಗೂ ಇದೇ ಮಾತು.

ಸೆಟ್ಟಿನ ಲೆಕ್ಕ ಬೇರೆ: ವಸಡಿನಿಂದ ಹಲ್ಲಿನ ಅಂಚಿನವರೆಗೆ 8–9 ಮಿ.ಮೀ. ಇಲ್ಲದಿದ್ದರೆ ಸೆಟ್ಟು ಸಿಕ್ಕಿಸುವ ಗುಂಡಿ ಕೂರುವ ಜಾಗದಲ್ಲೇ ಸೆಟ್ಟು ಸೀಳುತ್ತೆ. ಒಳಗಿನ ನೈಲಾನ್ ಬಿಲ್ಲೆ ಸವೆಯುತ್ತೆ, ಆಗಾಗ ಬದಲಿಸಬೇಕು. ಅಮ್ಮನ ಬೆರಳಿಗೆ ಅದನ್ನು ಒತ್ತಿ ಕೂರಿಸಿ ಕೀಳುವ ಶಕ್ತಿ ಇದೆಯಾ ಅಂತಲೂ ನೋಡಿ, ಸಂಧಿವಾತ ಇದ್ದವರಿಗೆ ಕಷ್ಟ.

ಪ್ರಶ್ನೆ (ತೀರ್ಥಹಳ್ಳಿ, ಮತ್ತೆ): ಅಳೆದೆ ಮೇಡಂ. ಎರಡೇ ಬೆರಳು ಹೋಗೋದು, ಸ್ಕೇಲ್‌ನಲ್ಲಿ 29 ಮಿ.ಮೀ. ಖಾರ ತಿಂದರೆ ಉರಿ ಅಂತಾರೆ. ಹಾಗಾದ್ರೆ ಬ್ರಿಡ್ಜೇ ಮಾಡಿಸೋದಾ? ಶಿವಮೊಗ್ಗಕ್ಕೆ ಎಷ್ಟು ಸಲ ಬರಬೇಕು? ಕೊಯ್ಲು ಹತ್ತಿರ ಬಂತು.

ಉತ್ತರ: 29ಕ್ಕೆ ಬ್ರಿಡ್ಜೂ ಸುಲಭವಲ್ಲ, ಹಿಂದಿನ ಹಲ್ಲು ಅರೆಯಲು ಏರೋಟರ್ ಒಳಗೆ ಹೋಗಬೇಕಲ್ಲ. ಉರಿಯೂ ಇದೆ ಅಂದಮೇಲೆ ಈಗ ಹಲ್ಲಿನ ಮಾತು ಪಕ್ಕಕ್ಕಿಡಿ. ಕೊಯ್ಲು ಮುಗಿಯಲಿ ಅಂತಲೂ ಕಾಯಬೇಡಿ. ಬಾಯಿರೋಗ ತಜ್ಞರು ಅಥವಾ ಓರಲ್ ಸರ್ಜನ್ ಹತ್ತಿರ ಕೆನ್ನೆಯ ಒಳಭಾಗ ತೋರಿಸಿ. ನಾರುಪಟ್ಟಿ ಕಟ್ಟಿದ ಕೆನ್ನೆ ಕ್ಯಾನ್ಸರಿಗೆ ತಿರುಗುವ ಸಾಧ್ಯತೆ ಇರುವಂಥದ್ದು. ಎರಡು ವಾರದಲ್ಲಿ ಮಾಯದ ಹುಣ್ಣು, ಕೆಂಪು ಅಥವಾ ಬಿಳಿ ಮಚ್ಚೆ ಕಂಡರೆ ಸ್ವಲ್ಪ ಮಾಂಸ ತೆಗೆದು ಪರೀಕ್ಷೆಗೆ ಕಳಿಸ್ತಾರೆ. ಅಡಿಕೆ ಪೂರ್ತಿ ನಿಲ್ಲಬೇಕು, ಹೊಗೆಸೊಪ್ಪು ಮಾತ್ರ ಬಿಟ್ಟರೆ ಸಾಲದು.

ಬಾಯಿ ಸುಧಾರಿಸಿ ಇಂಪ್ಲಾಂಟ್‌ವರೆಗೆ ಬಂದರೆ ಐದಾರು ಸಲ ಬರಬೇಕಾಗುತ್ತೆ: ಸ್ಕ್ಯಾನ್ ಮತ್ತು ಅಚ್ಚಿಗೆ ಒಂದು, ಸ್ಕ್ರೂ ಹಾಕಲು ಒಂದು, 7–10 ದಿನಕ್ಕೆ ಹೊಲಿಗೆ ಬಿಚ್ಚಲು ಒಂದು, ಕೆಳದವಡೆಯಾದ್ದರಿಂದ ಮೂರು ತಿಂಗಳು ಬಿಟ್ಟು ಕ್ಯಾಪಿಗೆ ಎರಡು ಮೂರು. ಆ ಕ್ಯಾಪ್ ಮೆಲ್ಲಗೆ ಕಚ್ಚಿದಾಗ ಮೇಲಿನ ಹಲ್ಲಿಗೆ ತಾಗಬಾರದು, ಗಟ್ಟಿಯಾಗಿ ಕಚ್ಚಿದಾಗ ಮಾತ್ರ ತಾಗಬೇಕು. ಸ್ವಂತ ಹಲ್ಲು ಬೇರಿನ ಸುತ್ತಲ ಪೊರೆಯಲ್ಲಿ ಒಂಚೂರು ಕುಸಿಯುತ್ತೆ, ಸ್ಕ್ರೂ ಕುಸಿಯಲ್ಲ. ಅಡಿಕೆ ಅಗಿದು ಹಲ್ಲು ಸವೆದಿರುವವರಲ್ಲಿ ಇದನ್ನು ನೋಡದಿದ್ದರೆ ಕ್ಯಾಪಿನ ಸ್ಕ್ರೂ ಪದೇಪದೇ ಸಡಿಲಾಗುತ್ತೆ. ಹಾಕಿದ ಸ್ಕ್ರೂನ ಕಂಪನಿ, ವ್ಯಾಸ, ಉದ್ದ, ಲಾಟ್ ನಂಬರ್ ಇರುವ ಕಾರ್ಡು ಕೇಳಿ ಪಡೆಯಿರಿ, ಇಲ್ಲದಿದ್ದರೆ ಹತ್ತು ವರ್ಷದ ಮೇಲೆ ಅದಕ್ಕೆ ಸರಿಹೊಂದುವ ಸ್ಕ್ರೂಡ್ರೈವರ್ ಯಾವುದು ಅಂತ ಯಾರಿಗೂ ಗೊತ್ತಾಗಲ್ಲ.

29 ಅನ್ನೋದನ್ನು ಇವತ್ತಿನ ತಾರೀಖಿನ ಜೊತೆ ಬರೆದಿಡಿ. ಮೂರು ತಿಂಗಳ ನಂತರ ಎಚ್‌ಬಿಎ1ಸಿಗೆ ರಕ್ತ ಕೊಡುವ ದಿನವೇ, ಅದೇ ಸ್ಕೇಲ್ ಇಟ್ಟು, ಅದೇ ಎರಡು ಹಲ್ಲುಗಳ ನಡುವೆ ಮತ್ತೆ ಅಳೆದು ಇಲ್ಲೇ ಹಾಕಿ.